ವಾರದ ಹಾಡುಪಟ್ಟಿ: ಮೊಬೈಲ್ ಲೆಕ್ಕವೋ, ನೋಟುಬುಕ್ಕೋ?

ಹೊಸ ಹಾಡುಗಳಿಗೆ ವಾರವಾರವೂ ನಿಮ್ಮದೇ ಶ್ರೇಯಾಂಕ ಕೊಡಬೇಕೆಂದಿದ್ದರೆ ದಾರಿ ಎರಡು. ಲೆಕ್ಕವನ್ನು, ಕೇಳಿದ ಹಾಡುಗಳನ್ನು ತಾನೇ ದಾಖಲಿಸುವ ಸೇವೆಯಾದ ಲಾಸ್ಟ್ ಎಫ್‌ಎಂಗೆ ಒಪ್ಪಿಸಬಹುದು. ಹಾಡಿನ ಅರ್ಧ ಭಾಗ ಅಥವಾ 4 ನಿಮಿಷ, ಯಾವುದು ಮೊದಲೋ ಅಷ್ಟು ಕೇಳಿದರೆ ಒಂದು ಸಲವೆಂದು ದಾಖಲಾಗುತ್ತದೆ. ಸ್ಪಾಟಿಫೈಗೆ 30 ಸೆಕೆಂಡು ಸಾಕು. ಶ್ರಮವಿಲ್ಲ, ಮರೆವಿಲ್ಲ. ಆದರೆ ಶಿರಸಿಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಈ ಲೆಕ್ಕ ದಾರಿ ತಪ್ಪುತ್ತದೆ. ರಾತ್ರಿ ಅಡಿಕೆ ಸುಲಿಯಲು ಕುಳಿತವರ ಕೈಗೆಲ್ಲ ಅಡಿಕೆಯ ಕರೆ ಮೆತ್ತಿರುತ್ತದೆ. ಮೊಬೈಲ್ ಮುಟ್ಟುವವರಿಲ್ಲದೆ ಅದೇ ನಾಲ್ಕಾರು ಹಾಡುಗಳು ತಿರುಗುತ್ತಿರುತ್ತವೆ. ಯಾರೂ ಬಯಸಿ ಕೇಳದ ಹಾಡು ಮೊದಲ ಸ್ಥಾನಕ್ಕೇರುತ್ತದೆ.

ನೋಟುಬುಕ್ಕು ಹಾಗಲ್ಲ. ಕುಮಟಾಕ್ಕೆ ಇಳಿಯುವ ಬಸ್ಸಿನಲ್ಲಿ, ದೇವಿಮನೆ ಘಟ್ಟದ ತಿರುವುಗಳ ನಡುವೆ, ಮೊಬೈಲ್ ಸುಮ್ಮನಿದ್ದಾಗಲೂ ಯಾವ ಪಲ್ಲವಿ ತುಟಿಗೆ ಬರುತ್ತದೋ ಅದನ್ನೇ ಬರೆದುಕೊಳ್ಳಬಹುದು. ಪಕ್ಕದಲ್ಲಿ ಹೋದ ವಾರದ ಸ್ಥಾನ, ಜೊತೆಗೆ ಏರಿದ್ದೇಕೆ, ಇಳಿದದ್ದೇಕೆ ಎಂದು ಒಂದು ಸಾಲು. ಆ ಸಾಲೇ ಪಟ್ಟಿಯ ಜೀವ. ಯಾವ ಆ್ಯಪ್ ಕೂಡ ಅದನ್ನು ಬರೆದುಕೊಡದು.

ಇಯರ್‌ಫೋನ್ ಹಾಕಿಕೊಂಡು ಆರಿಸಿ ಕೇಳುವವರಿಗೆ ಮೊಬೈಲ್ ಲೆಕ್ಕ ಸಾಕು. ಮನೆಮಂದಿಯೊಂದಿಗೆ ಕೇಳುವವರು ನೋಟುಬುಕ್ಕನ್ನೇ ಆರಿಸಿಕೊಳ್ಳಿ. 2015ರಿಂದ ಜಗತ್ತಿನ ಬಹುಪಾಲು ಪಾಪ್ ಹಾಡುಗಳು ಶುಕ್ರವಾರವೇ ಬಿಡುಗಡೆಯಾಗುವುದರಿಂದ ಪಟ್ಟಿಯನ್ನು ಗುರುವಾರ ರಾತ್ರಿ ಮುಗಿಸಿ.