ಬೋಲನ್ನಾ, ಬೋವೀನಾ: ಎರಡು ಗ್ಲಾಮ್ ರಾಕ್ ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿದಾಗ

ಗ್ಲಾಮ್ ರಾಕ್, ಅಂದ್ರೆ 1970ರ ದಶಕದ ಶುರುವಿನ, ಮಿನುಗು ಬಟ್ಟೆ ಮೇಕಪ್ಪಿನ ಬ್ರಿಟಿಷ್ ರಾಕ್ ಸಂಗೀತ, ಕೇಳೋಕೆ ಶುರು ಮಾಡಿದವರು ಬೇಗ ಅಥವಾ ತಡವಾಗಿ ಈ ಎರಡು ಸಿನಿಮಾಗಳ ಹತ್ತಿರ ಬಂದೇ ಬರ್ತಾರೆ. ಒಂದು 'ಬಾರ್ನ್ ಟು ಬೂಗಿ'. ಮಾರ್ಕ್ ಬೋಲನ್ ಮತ್ತು ಅವನ ಟಿ. ರೆಕ್ಸ್ ತಂಡದ್ದು, 1972ರಲ್ಲಿ ಬಂದಿದ್ದು, ನಿರ್ದೇಶನ ಬೀಟಲ್ಸ್‌ನ ರಿಂಗೋ ಸ್ಟಾರ್. ಇನ್ನೊಂದು 'ಜಿಗ್ಗಿ ಸ್ಟಾರ್‌ಡಸ್ಟ್ ಅಂಡ್ ದ ಸ್ಪೈಡರ್ಸ್ ಫ್ರಮ್ ಮಾರ್ಸ್'. ಡೇವಿಡ್ ಬೋವಿಯದ್ದು, ಡಿ.ಎ. ಪೆನ್ನೆಬೇಕರ್ 1973ರಲ್ಲಿ ಶೂಟ್ ಮಾಡಿದ್ದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು, ಟಿವಿಯಲ್ಲೂ ನೋಡಿ, ಹೆಡ್‌ಫೋನ್ ಹಾಕಿ ಬರೀ ಧ್ವನಿಯನ್ನೂ ಕೇಳಿ ಇದನ್ನು ಬರೀತಿದ್ದೇನೆ. ಸಿನಿಮಾ ಅಂತ ನೋಡಿದರೆ ಬೋವಿಯದ್ದೇ ಮೇಲು. ಆದರೆ ನಾನು ಮತ್ತೆ ಮತ್ತೆ ಹಾಕೋದು ಬೋಲನ್‌ನದ್ದು. ಅದು ಯಾಕೆ ಅಂತ ಹೇಳಬೇಕು.

ಮೊದಲು ಶೋಗಳ ವಿಷಯ. ಬೋಲನ್‌ನ ಕಾರ್ಯಕ್ರಮ ನಡೆದದ್ದು 1972ರ ಮಾರ್ಚ್ 18ರಂದು, ಲಂಡನ್‌ನ ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ. ಒಂದೇ ದಿನ ಎರಡು ಶೋ, ಮಧ್ಯಾಹ್ನ ಒಂದು, ಸಂಜೆ ಒಂದು. ಆಗ ಬ್ರಿಟನ್‌ನಲ್ಲಿ ಅವನ ಹುಚ್ಚು ಹೇಗಿತ್ತು ಅಂದ್ರೆ ಪತ್ರಿಕೆಗಳು ಅದಕ್ಕೆ 'ಟಿ. ರೆಕ್ಸ್‌ಟಸಿ' ಅಂತಲೇ ಹೆಸರಿಟ್ಟಿದ್ದವು. 'ಹಾಟ್ ಲವ್', 'ಗೆಟ್ ಇಟ್ ಆನ್', 'ಟೆಲಿಗ್ರಾಮ್ ಸ್ಯಾಮ್' ಮೂರೂ ಅಲ್ಲಿ ಆಗಲೇ ನಂಬರ್ ಒನ್ ಆಗಿದ್ದವು. ಬೋವಿಯ ಶೋ 1973ರ ಜುಲೈ 3ರಂದು, ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ. ನಡುವೆ ಒಂದೂವರೆ ವರ್ಷವೂ ಇಲ್ಲ, ಊರೂ ಒಂದೇ. ಆದರೂ ಎರಡೂ ಬೇರೆ ಬೇರೆ ಲೋಕ.

ಪೆನ್ನೆಬೇಕರ್ ಆ ಹೊತ್ತಿಗೆ ಬಾಬ್ ಡಿಲನ್ ಮೇಲೆ ಸಾಕ್ಷ್ಯಚಿತ್ರ ಮಾಡಿ ಹೆಸರು ಮಾಡಿದ್ದವರು. ಕ್ಯಾಮೆರಾ ಎಲ್ಲಿ ಸುಮ್ನೆ ನಿಲ್ಲಬೇಕು ಅಂತ ಅವರಿಗೆ ಗೊತ್ತಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಕನ್ನಡಿ ಮುಂದೆ ಬೋವಿ ಮೇಕಪ್ ಹಾಕಿಸಿಕೊಳ್ಳೋದನ್ನ ಅವಸರವಿಲ್ಲದೆ ತೋರಿಸ್ತಾರೆ. ತೆಳ್ಳಗಿನ, ಬಿಳಚಿಕೊಂಡ ಒಬ್ಬ ಹುಡುಗ ನಮ್ಮ ಕಣ್ಣೆದುರೇ ಜಿಗ್ಗಿ, ಅಂದ್ರೆ ತಾನೇ ಕಟ್ಟಿದ ಸ್ಟೇಜ್ ಪಾತ್ರ, ಆಗ್ತಾನೆ. ಸ್ಟೇಜ್ ಮೇಲೆ ಕತ್ತಲೆ ಜಾಸ್ತಿ, ಕೆಂಪು ಬೆಳಕು ಜಾಸ್ತಿ, ಕೆಲವು ಕಡೆ ಮುಖವೇ ಸರಿಯಾಗಿ ಕಾಣಲ್ಲ. ಆದರೆ ಆ ಕತ್ತಲೆ ಅವನಿಗೆ ಒಪ್ಪುತ್ತೆ. ಜಪಾನಿನ ವಸ್ತ್ರ ವಿನ್ಯಾಸಕ ಕಾನ್ಸಾಯ್ ಯಮಾಮೊಟೊ ಮಾಡಿದ ಬಟ್ಟೆಗಳು ಹಾಡಿನ ನಡುವೆ ಬದಲಾಗ್ತಾ ಹೋಗ್ತವೆ, ಅವನು ಬಟ್ಟೆ ಬದಲಿಸೋಕೆ ಹೋದಾಗ ಅವನ ತಂಡದ ಮಿಕ್ ರಾನ್ಸನ್ ಗಿಟಾರ್ ಹಿಡಿದು ಇಡೀ ಸಭೆಯನ್ನ ಒಬ್ಬನೇ ನಿಭಾಯಿಸ್ತಾನೆ. ಕೊನೇ ಹಾಡಿಗೆ ಮುಂಚೆ ಬೋವಿ ಮೈಕ್ ಹಿಡಿದು, ಇದು ಈ ಪ್ರವಾಸದ ಕೊನೇ ಶೋ ಮಾತ್ರವಲ್ಲ, ನಾವು ಮಾಡುವ ಕೊನೇ ಶೋ ಕೂಡ ಇದೇ ಅಂತ ಹೇಳಿಬಿಡ್ತಾನೆ. ಬಾಸ್ ನುಡಿಸುವ ಟ್ರೆವರ್ ಬೋಲ್ಡರ್‌ಗೂ ಡ್ರಮ್ಮರ್ ವುಡ್‌ಮನ್ಸಿಗೂ ಅದು ಮುಂಚೆ ಗೊತ್ತೇ ಇರಲಿಲ್ಲ. ಇದಕ್ಕಿಂತ ಒಳ್ಳೇ ಕ್ಲೈಮ್ಯಾಕ್ಸ್ ಯಾವ ಕಥೆಗಾರ ಬರೀಬೇಕು ಹೇಳಿ.

'ಬಾರ್ನ್ ಟು ಬೂಗಿ'ಯಲ್ಲಿ ಅಂಥ ಕಥೆ ಇಲ್ಲ. ಹಾಡಿನ ನಡುನಡುವೆ ಏರೋಡ್ರೋಮಿನಲ್ಲಿ ತೆಗೆದ ತಮಾಷೆ ದೃಶ್ಯಗಳಿವೆ, ಅವು ಅಂದೂ ನಗಿಸಿರಲಿಕ್ಕಿಲ್ಲ, ಇವತ್ತಂತೂ ಇಲ್ಲ. ಅದನ್ನ ಓಡಿಸಿಬಿಡಿ.

ಆದರೆ ಟೀ ಪಾರ್ಟಿಯ ದೃಶ್ಯವನ್ನ ಮಾತ್ರ ಓಡಿಸಬೇಡಿ. ಆಗ ಜಾನ್ ಲೆನನ್‌ಗೆ ಸೇರಿದ್ದ ಟಿಟನ್‌ಹರ್ಸ್ಟ್ ಪಾರ್ಕ್ ಬಂಗಲೆಯ ಹುಲ್ಲುಹಾಸಿನ ಮೇಲೆ ಮೇಜು ಹಾಕಿದ್ದಾರೆ, ಕ್ರೈಸ್ತ ಸನ್ಯಾಸಿನಿಯರ ವೇಷದವರು ಕೂತು ತಿಂತಿದ್ದಾರೆ, ಪಕ್ಕದಲ್ಲಿ ತಂತಿವಾದ್ಯದವರು. ಬೋಲನ್ ಬರೀ ಅಕೂಸ್ಟಿಕ್ ಗಿಟಾರ್ ಹಿಡಿದು 'ಜೀಪ್‌ಸ್ಟರ್', 'ಹಾಟ್ ಲವ್', 'ಗೆಟ್ ಇಟ್ ಆನ್', 'ದ ಸ್ಲೈಡರ್' ಹಾಡುಗಳನ್ನ ಒಂದಕ್ಕೊಂದು ಹೆಣೆದು ಹಾಡ್ತಾನೆ. ವೆಂಬ್ಲಿಯಲ್ಲಿ ಕಿರುಚಾಟದ ನಡುವೆ ಕೇಳಿದ ಮೊದಲ ಮೂರು ಹಾಡುಗಳು ಇಲ್ಲಿ ಬಟ್ಟೆ ಕಳಚಿ ನಿಂತ ಹಾಗಿವೆ. ಎಷ್ಟು ಕಡಿಮೆ ಸ್ವರ, ಎಷ್ಟು ಸಲೀಸು ಪದ, ಆದರೂ ಹಿಡಿದುಕೊಂಡರೆ ಬಿಡಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಇನ್ನು ವೆಂಬ್ಲಿಯ 'ಗೆಟ್ ಇಟ್ ಆನ್'. ಹಾಡು ಮುಗಿಯಬೇಕಾದ ಕಡೆ ಮುಗಿಯಲ್ಲ, ಎಳೆದು ಎಳೆದು ಒಂದು ದೊಡ್ಡ ಗದ್ದಲವಾಗುತ್ತೆ. ಬೋಲನ್ ತಂಬೂರಿನ್ (ಗೆಜ್ಜೆಯಂಥ ಬಿಲ್ಲೆಗಳಿರುವ ಪುಟ್ಟ ಕೈವಾದ್ಯ) ಕೈಗೆತ್ತಿಕೊಂಡು ಅದರಿಂದಲೇ ಗಿಟಾರಿನ ತಂತಿಗಳನ್ನ ಉಜ್ಜಿ ಬಾರಿಸೋಕೆ ಶುರು ಮಾಡ್ತಾನೆ. ಸಂಗೀತದ ಲೆಕ್ಕದಲ್ಲಿ ಅದು ದೊಡ್ಡ ನುಡಿಸಾಣಿಕೆ ಅಲ್ಲವೇ ಅಲ್ಲ, ರಾನ್ಸನ್ ಪಕ್ಕ ನಿಲ್ಲಿಸಿದರೆ ಬೋಲನ್‌ಗೆ ಮಾರ್ಕ್ಸು ಕಡಿಮೆನೇ ಬೀಳುತ್ತೆ. ಆದರೆ ಅವನ ಮುಖ ನೋಡಿ. ತನಗೇ ನಂಬೋಕಾಗದಷ್ಟು ಖುಷಿ. ಮೈಮೇಲೆ ತನ್ನದೇ ಮುಖ ಅಚ್ಚು ಹಾಕಿದ ಟೀ ಶರ್ಟ್! ಬೇರೆ ಯಾರೇ ಹಾಕಿದ್ದರೂ ಸೊಕ್ಕು ಅಂತ ಕಾಣ್ತಿತ್ತು, ಇವನಿಗೆ ಅದು ಹಬ್ಬದ ಬಟ್ಟೆಯ ಹಾಗೆ ಕೂತಿದೆ. ರಿಂಗೋ ಸ್ವತಃ ಸ್ಟೇಜ್ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದ. ಹುಡುಗಿಯರ ಗುಂಪು ಕಿರುಚೋದು ಅಂದ್ರೇನು ಅಂತ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ, ವರ್ಷಗಟ್ಟಲೆ ಅದರ ಇನ್ನೊಂದು ಬದಿಯಲ್ಲಿ ಕೂತು ಡ್ರಮ್ ಬಾರಿಸಿದವನು. ಅದಕ್ಕೇ ಇರಬೇಕು, ಅವನ ಸಿನಿಮಾದಲ್ಲಿ ಆ ಹುಡುಗಿಯರ ಮುಖಗಳಿಗೆ ಅಷ್ಟು ಜಾಗ ಸಿಕ್ಕಿದೆ.

ಬೋವಿಯ ಸಿನಿಮಾದಲ್ಲೂ ಅಳುವ, ಕೈಚಾಚುವ ಮುಖಗಳಿವೆ, ಚೆನ್ನಾಗಿಯೂ ಇವೆ. ಆದರೆ ಅವರು ನೋಡ್ತಿರೋದು ಒಂದು ಪಾತ್ರವನ್ನ. ವೆಂಬ್ಲಿಯವರು ನೋಡ್ತಿರೋದು ಮಾರ್ಕ್‌ನನ್ನ. ನನಗೆ ಕಾಣೋ ದೊಡ್ಡ ವ್ಯತ್ಯಾಸ ಇದೇ. ಬೋವಿ ಆ ರಾತ್ರಿ ಜಿಗ್ಗಿಯನ್ನ ಮುಗಿಸಿ ಮುಂದೆ ಹೋದ, ಆಮೇಲೆ ಬೇರೆ ಬೇರೆ ವೇಷ ತೊಟ್ಟ, 2016ರ ತನಕ ಬದಲಾಗ್ತಾನೇ ಬಂದ. ಅವನ ಆಕರ್ಷಣೆ ಇರೋದು ಆ ಬದಲಾವಣೆಯಲ್ಲಿ. ಬೋಲನ್ ಬದಲಾಗಲಿಲ್ಲ. 1973ರ ನಂತರ ಅದೇ ಅಚ್ಚಿನ ಹಾಡು ಮತ್ತೆ ಮತ್ತೆ ಬಂತು, ಹುಚ್ಚು ಇಳೀತು, ಅದನ್ನ ಅಭಿಮಾನಿಗಳೂ ಒಪ್ಪಬೇಕು. 1977ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಲಂಡನ್‌ನ ಬಾರ್ನ್ಸ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಮೂವತ್ತು ತುಂಬೋಕೆ ಎರಡು ವಾರ ಬಾಕಿ ಇತ್ತು. ಅಪಘಾತವಾದ ಕಡೆಯ ಮರದ ಹತ್ತಿರ ಇವತ್ತಿಗೂ ಅಭಿಮಾನಿಗಳು ಹೂವು ಇಡ್ತಾರೆ.

ಸತ್ತವನ ಮೇಲಿನ ಕನಿಕರದಿಂದ ಅವನು ಉಳಿದ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. 2000ರ 'ಬಿಲ್ಲಿ ಎಲಿಯಟ್' ಸಿನಿಮಾ ಶುರುವಾಗೋದು 'ಕಾಸ್ಮಿಕ್ ಡ್ಯಾನ್ಸರ್' ಹಾಡಿಗೆ ಹುಡುಗನೊಬ್ಬ ಹಾಸಿಗೆ ಮೇಲೆ ಕುಣಿಯೋದರಿಂದ. ಆ ಹಾಡನ್ನ ಅಲ್ಲೇ ಮೊದಲು ಕೇಳಿದವರಿಗೆ ಅದನ್ನ ಬರೆದವನು ಹೇಗೆ ಸತ್ತ ಅಂತ ಗೊತ್ತಿರಬೇಕಾಗಿಲ್ಲ, ಕಾಲು ತಾನಾಗೇ ಕುಣಿಯುತ್ತೆ. 2020ರಲ್ಲಿ ಟಿ. ರೆಕ್ಸ್ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು, ತುಂಬಾ ತಡವಾಗಿ.

ಇವರಿಬ್ಬರನ್ನ ಶತ್ರುಗಳ ಹಾಗೆ ನೋಡೋದೂ ಬೇಡ. ಬೋವಿಯ 1970ರ 'ದ ಪ್ರೆಟಿಯೆಸ್ಟ್ ಸ್ಟಾರ್' ಸಿಂಗಲ್‌ನಲ್ಲಿ ಗಿಟಾರ್ ನುಡಿಸಿದ್ದು ಬೋಲನ್. ಪೆನ್ನೆಬೇಕರ್ ಸಿನಿಮಾದ ಡ್ರೆಸ್ಸಿಂಗ್ ರೂಮಿನಲ್ಲಿ ರಿಂಗೋ ಕೂಡ ಕಾಣಿಸಿಕೊಳ್ತಾನೆ. ಬೋಲನ್, ಬೋವಿ ಇಬ್ಬರ ಆಲ್ಬಮ್‌ಗಳಿಗೂ ನಿರ್ಮಾಪಕನಾಗಿ ಕೆಲಸ ಮಾಡಿದ ಟೋನಿ ವಿಸ್ಕಾಂಟಿಯೇ ಮುಂದೆ ಎರಡೂ ಸಿನಿಮಾಗಳ ಡಿವಿಡಿಗೆ ಧ್ವನಿಯನ್ನ ಹೊಸದಾಗಿ ಮಿಕ್ಸ್ ಮಾಡಿದ, ಬೋವಿಯದ್ದು 2003ರಲ್ಲಿ, ಬೋಲನ್‌ದು 2005ರಲ್ಲಿ. ಹೆಡ್‌ಫೋನ್‌ನಲ್ಲಿ ಕೇಳಿದಾಗ ನನಗೆ ಬೋಲನ್‌ದೇ ಹೆಚ್ಚು ಹಿಡಿಸ್ತು. ಟಿ. ರೆಕ್ಸ್‌ನ ಮಿಕ್ಕಿ ಫಿನ್‌ನ ಕಾಂಗಾ (ಕೈಯಲ್ಲಿ ಬಾರಿಸುವ ಉದ್ದನೆ ಡ್ರಮ್) ಎಡಬಲಕ್ಕೆ ಓಡಾಡೋದು ಕಿವಿಗೆ ಸಿಗುತ್ತೆ. ಬೋವಿಯದರಲ್ಲಿ ರಾನ್ಸನ್ ಗಿಟಾರ್ ಗೋಡೆಯ ಹಾಗೆ ಎದ್ದು ನಿಲ್ಲುತ್ತೆ, ಮಿಕ್ಕಿದ್ದೆಲ್ಲ ಅದರ ಹಿಂದೆ.

ಯಾವ ಆವೃತ್ತಿ ನೋಡಬೇಕು ಅನ್ನೋದೂ ಮುಖ್ಯ. ಬೋವಿಯದ್ದಾದರೆ 2023ರಲ್ಲಿ ಐವತ್ತು ವರ್ಷದ ನೆಪದಲ್ಲಿ ಬಂದದ್ದನ್ನೇ ಹುಡುಕಿ. ಹಳೇದರಲ್ಲಿ ಕತ್ತರಿಸಿದ್ದ, ಅತಿಥಿ ಗಿಟಾರ್ ವಾದಕ ಜೆಫ್ ಬೆಕ್ ಭಾಗ ಅದರಲ್ಲಿ ವಾಪಸ್ ಬಂದಿದೆ, ಬೆಕ್ ಜೊತೆ ರಾನ್ಸನ್ ನುಡಿಸೋದನ್ನ ತಪ್ಪಿಸಿಕೊಳ್ಳಬಾರದು. ಬೋಲನ್‌ನದ್ದಾದರೆ ಒಂದು ಗಂಟೆ ಚಿಲ್ಲರೆಯ ಮೂಲ ಸಿನಿಮಾ ಜೊತೆಗೆ ವೆಂಬ್ಲಿಯ ಎರಡೂ ಶೋಗಳು ಪೂರ್ತಿ ಇರುವ ಡಿಸ್ಕ್ ತಗೊಳ್ಳಿ. ಮೊದಲ ಸಲ ನೋಡುವವರು ಮೂಲ ಸಿನಿಮಾದಿಂದ ಶುರು ಮಾಡೋದು ಬೇಡ, ಸಂಜೆಯ ಶೋ ಹಾಕಿ. ಆಮೇಲೆ ಟೀ ಪಾರ್ಟಿ, ಅದಾದ ಮೇಲೆ ಸ್ಟುಡಿಯೋದಲ್ಲಿ ಎಲ್ಟನ್ ಜಾನ್ ಪಿಯಾನೋದಲ್ಲಿ, ರಿಂಗೋ ಡ್ರಮ್‌ನಲ್ಲಿ ಕೂತು ಬೋಲನ್ ಜೊತೆ 'ಚಿಲ್ಡ್ರನ್ ಆಫ್ ದ ರೆವಲ್ಯೂಷನ್' ನುಡಿಸೋದು. ಧ್ವನಿ ಜೋರಾಗಿಟ್ಟೇ ನೋಡಿ, ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿರಿ.