ಎಂಟಡಿ ಅಡುಗೆಮನೆಯ ಖಾನೆಗಳು: ಒಂದು ಮಳೆಗಾಲ ಕಳೆದ ಮೇಲೆ

ಚಿಕ್ಕಮಗಳೂರಿನ ಬಸವನಹಳ್ಳಿ ಭಾಗದಲ್ಲಿರುವ ನಮ್ಮ ಮನೆಯ ಅಡುಗೆಮನೆ ಎಂಟು ಅಡಿ ಉದ್ದ, ಆರೂವರೆ ಅಡಿ ಅಗಲದ್ದು. ಕಟ್ಟೆಯ ಕೆಳಗೆ ಇಟ್ಟಿಗೆ ಗೋಡೆಗಳ ನಡುವೆ ಕಡಪ ಕಲ್ಲು ಕೂರಿಸಿ ಮಾಡಿದ ಐದು ಖಾನೆಗಳಿವೆ. ಮೇಲೆ ಒಂದಡಿ ಆಳದ ಎರಡು ಗೋಡೆ ಕಪಾಟುಗಳು, ಅದಕ್ಕೂ ಮೇಲೆ ಸಜ್ಜಾ. ಐದು ಜನರ ಸಂಸಾರದ ದಿನಸಿ, ಪಾತ್ರೆ, ಉಪ್ಪಿನಕಾಯಿ ಭರಣಿ, ಕಡುಬಿನ ಪಾತ್ರೆ, ಶ್ಯಾವಿಗೆ ಒರಳು ಎಲ್ಲವೂ ಇಷ್ಟರಲ್ಲೇ ಹಿಡಿಯಬೇಕು. ಕಳೆದ ವರ್ಷ ಫೆಬ್ರುವರಿಯಲ್ಲಿ ಕಟ್ಟೆಯನ್ನು ಕದಲಿಸದೆ, ಇದ್ದ ಖಾನೆಗಳೊಳಗೇ ಎಳೆಯುವ ಬ್ಯಾಸ್ಕೆಟ್‌, ಮೂಲೆಯ ತಿರುಗು ಟ್ರೇ, ಬಾಟಲಿ ಇಡುವ ಕಿರಿದಾದ ಚೌಕಟ್ಟು ಮತ್ತು ಕೆಲವು ಸ್ಟೀಲ್ ಸ್ಟ್ಯಾಂಡುಗಳನ್ನು ಹಾಕಿಸಿದೆವು. ಹದಿನಾಲ್ಕು ತಿಂಗಳು ಬಳಸಿದ ಮೇಲೆ, ಅದರಲ್ಲೂ ನಮ್ಮ ಮಲೆನಾಡಿನ ಒಂದು ಪೂರ್ತಿ ಮಳೆಗಾಲವನ್ನು ಅವು ಕಂಡ ಮೇಲೆ, ಯಾವುದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು, ಯಾವುದಕ್ಕೆ ಆಗಲಿಲ್ಲ ಎಂಬುದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸಣ್ಣ ಖಾನೆಯಲ್ಲಿ ವ್ಯರ್ಥವಾಗುವುದು ಹೆಚ್ಚಾಗಿ ಎತ್ತರ; ಅಂಗಡಿಯಲ್ಲಿ ಸಿಗುವ ದುಬಾರಿ ಸಲಕರಣೆಗಳಲ್ಲಿ ಹಲವು ಆ ಎತ್ತರವನ್ನು ಮುಟ್ಟದೆ ಅಗಲವನ್ನೇ ಕಬಳಿಸುತ್ತವೆ.

ನಮ್ಮ ಖಾನೆಗಳ ಒಳ ಎತ್ತರ 28 ಇಂಚು. ನಡುವೆ ಒಂದು ಕಡಪ ಕಲ್ಲು ಇರುವುದರಿಂದ ಮೇಲೆ ಹದಿಮೂರು ಇಂಚು, ಕೆಳಗೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ದಿನನಿತ್ಯ ಬಳಸುವ ಬಾಣಲೆ, ಬೋಗುಣಿ, ತಟ್ಟೆ, ಬಟ್ಟಲುಗಳಲ್ಲಿ ಆರು ಇಂಚಿಗಿಂತ ಎತ್ತರದವು ಬೆರಳೆಣಿಕೆಯಷ್ಟು ಮಾತ್ರ. ಅಂದರೆ ಒಂದರ ಮೇಲೊಂದು ಪೇರಿಸದಿದ್ದರೆ ಅರ್ಧ ಖಾನೆ ಗಾಳಿಗೆ ಮೀಸಲು. ಪೇರಿಸಿದರೆ ತಳದ ಬೋಗುಣಿ ಬೇಕಾದಾಗ ಮೇಲಿನ ಐದಾರು ಪಾತ್ರೆಗಳನ್ನು ಇಳಿಸಬೇಕು, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಆ ಸದ್ದಿಗೇ ಮನೆಯವರೆಲ್ಲ ಏಳುತ್ತಿದ್ದರು. ಇದಕ್ಕೆ ಉತ್ತರವಾಗಿ ಬಂದದ್ದು ಹದಿನಾರು ಇಂಚು ಉದ್ದ, ಒಂಬತ್ತು ಇಂಚು ಅಗಲ, ಆರು ಇಂಚು ಎತ್ತರದ, ಪುಟ್ಟ ಮೇಜಿನಂತಹ ನಾಲ್ಕು ಕಾಲಿನ ಸ್ಟೀಲ್ ಸ್ಟ್ಯಾಂಡು. ಎಂ.ಜಿ. ರಸ್ತೆಯ ಒಂದು ಪಾತ್ರೆ ಅಂಗಡಿಯಲ್ಲಿ ತಲಾ 420 ರೂಪಾಯಿಯಂತೆ ಆರನ್ನು ಕೊಂಡೆವು. ಸ್ಟ್ಯಾಂಡಿನ ಕೆಳಗೆ ಬಾಣಲೆಗಳು, ಮೇಲೆ ಬೋಗುಣಿಗಳು. ಯಾವುದನ್ನು ತೆಗೆಯಲೂ ಇನ್ನೊಂದನ್ನು ಮುಟ್ಟಬೇಕಾಗಿಲ್ಲ. ಬರಿ ಸರಳುಗಳಿರುವ ಸ್ಟ್ಯಾಂಡಿನ ಮೇಲೆ ಸಣ್ಣ ಬಟ್ಟಲುಗಳು ವಾಲುತ್ತವೆ, ಆದ್ದರಿಂದ ಮೇಲ್ಭಾಗ ಸಪಾಟಾಗಿ ಹಾಳೆ ಹೊಡೆದಿರುವುದನ್ನೇ ಆರಿಸಬೇಕು. ಕಾಲುಗಳಿಗೆ ರಬ್ಬರ್ ಟೋಪಿ ಇರಬೇಕು, ಇಲ್ಲದಿದ್ದರೆ ತೇವವಾದ ಕಡಪದ ಮೇಲೆ ಜಾರುತ್ತದೆ. ಕೊಳ್ಳುವ ಮೊದಲು ಅದೇ ಅಳತೆಯ ರಟ್ಟಿನ ಡಬ್ಬವೊಂದನ್ನು ಖಾನೆಯೊಳಗೆ ಮಗುಚಿಟ್ಟು ಒಂದು ವಾರ ಬಳಸಿ ನೋಡಿದ್ದು ಬಹಳ ಅನುಕೂಲವಾಯಿತು. ಮೊದಲು ತರಬೇಕೆಂದಿದ್ದ ಎಂಟು ಇಂಚು ಎತ್ತರದ ಸ್ಟ್ಯಾಂಡು ನಮಗೆ ಹೊಂದುವುದಿಲ್ಲವೆಂದು ತಿಳಿದದ್ದು ಹಾಗೆ.

ಇನ್ನು ಎಳೆಯುವ ಬ್ಯಾಸ್ಕೆಟ್‌ಗಳ ವಿಷಯ. ಅಂಗಡಿಯವರು ಟ್ಯಾಂಡಮ್ ಎನ್ನುವ ಈ ಬ್ಯಾಸ್ಕೆಟ್‌ಗಳು ಸಾಮಾನ್ಯವಾಗಿ 15, 17, 19, 21 ಇಂಚಿನ ಅಗಲದಲ್ಲಿ, 20 ಇಂಚಿನ ಆಳದಲ್ಲಿ, 4, 6, 8 ಇಂಚಿನ ಎತ್ತರದಲ್ಲಿ ಸಿಗುತ್ತವೆ. ನಮ್ಮ ದೊಡ್ಡ ಖಾನೆಯ ಅಗಲ ಮುಂಭಾಗದಲ್ಲಿ 22 ಇಂಚು ಇದ್ದುದರಿಂದ 19 ಇಂಚಿನದು ಸಲೀಸಾಗಿ ಕೂರುತ್ತದೆ ಎಂದು ನಾನು ತಿಳಿದಿದ್ದೆ. ಆಚಾರಿಗಳು ಬಂದು ಖಾನೆಯೊಳಗೆ ಅರ್ಧ ದೇಹ ತೂರಿಸಿ ಟೇಪು ಹಿಡಿದವರು, "ಅಮ್ಮಾ, ಮುಂದಿನ ಅಳತೆ ನಂಬ್ಬೇಡಿ, ಹಿಂದೆ ಗೋಡೆ ಹೊಟ್ಟೆ ಬಿಟ್ಟಿದೆ" ಎಂದರು. "ಹಾಗಾದ್ರೆ ಎಷ್ಟು ಸಿಗುತ್ತೆ ಆಚಾರ್ರೇ?" ಎಂದು ಕೇಳಿದೆ. ಹಿಂದುಗಡೆ ಇದ್ದದ್ದು 21 ಇಂಚು. ಬ್ಯಾಸ್ಕೆಟ್ ಜಾರುವ ಲೋಹದ ಹಳಿಯಾದ ಚಾನೆಲ್ಲನ್ನು ನೇರವಾಗಿ ಗಾರೆ ಗೋಡೆಗೆ ಬಡಿದರೆ ಮೊಳೆ ಹಿಡಿಯುವುದಿಲ್ಲ, ಆದ್ದರಿಂದ ಎರಡೂ ಬದಿಗೆ ಮುಕ್ಕಾಲು ಇಂಚಿನ ಪ್ಲೈವುಡ್ ನಿಲ್ಲಿಸಬೇಕು. ಅಲ್ಲಿಗೆ ಒಂದೂವರೆ ಇಂಚು ಹೋಯಿತು. ಚಾನೆಲ್ಲುಗಳು ಬದಿಗೆ ಅರ್ಧ ಇಂಚಿನಂತೆ ಮತ್ತೊಂದು ಇಂಚನ್ನು ತೆಗೆದುಕೊಳ್ಳುತ್ತವೆ. ಉಳಿದದ್ದು ಹದಿನೆಂಟೂವರೆ ಇಂಚು, ಕೂರಿಸಲು ಆದದ್ದು ಹದಿನೇಳರದು. ಇಪ್ಪತ್ತೆರಡು ಇಂಚಿನ ಖಾನೆಯಲ್ಲಿ ಐದು ಇಂಚು, ಅಂದರೆ ಕಾಲು ಭಾಗಕ್ಕೆ ಹತ್ತಿರ ಹತ್ತಿರ, ಸಲಕರಣೆಗೇ ಸಂದಾಯವಾಯಿತು. ಹಳೆಯ ಮನೆಗಳಲ್ಲಿ ಬ್ಯಾಸ್ಕೆಟ್ ಹಾಕಿಸುವವರು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದ ಅಳತೆಯಿಂದ ಎರಡೂವರೆ ಇಂಚು ಕಳೆದು ನೋಡಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.

ಇಷ್ಟು ಕಳೆದುಕೊಂಡರೂ ಆ ಒಂದು ಖಾನೆಯ ಬಗ್ಗೆ ನನಗೆ ಸಮಾಧಾನವಿದೆ. ನಡುವಿನ ಕಡಪವನ್ನು ತೆಗೆಸಿ 4, 6, 8 ಇಂಚಿನ ಮೂರು ಬ್ಯಾಸ್ಕೆಟ್‌ಗಳನ್ನು ಹಾಕಿಸಿದೆವು. ಮೇಲಿನದರಲ್ಲಿ ಸೌಟು, ಇಕ್ಕಳ, ಲಟ್ಟಣಿಗೆ, ತುರಿಯುವ ಮಣೆ, ಒಗ್ಗರಣೆ ಡಬ್ಬಿ. ನಡುವೆ ಲೋಟ, ತಟ್ಟೆ. ತಳದಲ್ಲಿ ಕುಕ್ಕರು ಮತ್ತು ಮಿಕ್ಸಿ ಜಾರುಗಳು. ಇಪ್ಪತ್ತೆರಡು ಇಂಚು ಆಳದ ಖಾನೆಯ ಹಿಂದಿನ ಸಾಲು ಎಂಬುದು ನಮ್ಮ ಮನೆಯಲ್ಲಿ ಇದ್ದೂ ಇಲ್ಲದಂತಿತ್ತು. ಎಪ್ಪತ್ತರ ಗಡಿ ದಾಟಿದ ನಮ್ಮ ಅತ್ತೆಯವರಿಗೆ ಮಂಡಿಯೂರಿ ಒಳಗೆ ಕೈ ಚಾಚುವುದು ಸಾಧ್ಯವೇ ಇರಲಿಲ್ಲ. ಈಗ ಅವರು ನಿಂತಲ್ಲಿಂದಲೇ ಬ್ಯಾಸ್ಕೆಟ್ ಎಳೆದು, ಮೇಲಿನಿಂದ ನೋಡಿ, ತಮಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಾರೆ. ಆದರೆ ಚಾನೆಲ್ ಪೂರ್ತಿ ಹೊರಗೆ ಬರುವಂಥದ್ದೇ ಆಗಿರಬೇಕು. ಮುಕ್ಕಾಲು ಮಾತ್ರ ಬರುವ ಅಗ್ಗದ ಚಾನೆಲ್ಲನ್ನು ಅಂಗಡಿಯವರು ತೋರಿಸಿದರು. ಅದನ್ನು ಹಾಕಿದ್ದರೆ ಹಿಂದಿನ ಐದು ಇಂಚು ಮತ್ತೆ ಕತ್ತಲೆಗೇ ಬೀಳುತ್ತಿತ್ತು.

ಬೇಸರ ತಂದದ್ದು ಬ್ಯಾಸ್ಕೆಟ್‌ನ ಲೋಹ. ಬ್ಯಾಸ್ಕೆಟ್‌ಗಳು ಸುಲಭವಾಗಿ ತುಕ್ಕು ಹಿಡಿಯದ 304 ಗ್ರೇಡಿನ ಸ್ಟೀಲಿನವು ಎಂಬ ಮಾತಿನ ಮೇಲೆ ಪಟ್ಟಣದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡಿದ್ದೆವು. ಆಗಸ್ಟ್ ಎರಡನೆಯ ವಾರದಲ್ಲಿ, ಹತ್ತು ದಿನ ಬಿಸಿಲೇ ಕಾಣದ ಸಮಯದಲ್ಲಿ, ತಳದ ಬ್ಯಾಸ್ಕೆಟ್‌ನ ಸರಳುಗಳು ಬೆಸುಗೆಯಾದ ಜಾಗಗಳಲ್ಲೆಲ್ಲ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದವು. ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ತುಕ್ಕಿನ ಬಣ್ಣ ಹತ್ತಿತು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸಿದ್ದನ್ನೇ ನಾನು ಪುರಾವೆಯೆಂದು ನಂಬಿದ್ದೆ. 304ರಲ್ಲಿ ಸುಮಾರು ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುತ್ತದೆ. ಅಗ್ಗದ 202 ಗ್ರೇಡಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸನ್ನು ಹೆಚ್ಚಿಸಿರುತ್ತಾರೆ, ಅದಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಇವೆರಡಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಆಗುವುದೇ ಇಲ್ಲ. ಬಿಲ್ಲಿನಲ್ಲಿ ಗ್ರೇಡನ್ನು ಬರೆಸಿಕೊಂಡಿರಲಿಲ್ಲ, ಆದ್ದರಿಂದ ಬದಲಿ ಕೇಳಲು ಹೋದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿದೆ: ತುಕ್ಕು ಅತಿ ಹೆಚ್ಚು ಇದ್ದದ್ದು ಕಲ್ಲುಪ್ಪಿನ ಡಬ್ಬ ಇಟ್ಟಿದ್ದ ಮೂಲೆಯಲ್ಲಿ. ಮಳೆಗಾಲದಲ್ಲಿ ಉಪ್ಪು ತೇವ ಹೀರಿ ನೀರು ಬಿಡುತ್ತದೆ, ಆ ಉಪ್ಪುನೀರು ಒಳ್ಳೆಯ ಸ್ಟೀಲನ್ನೂ ತಿನ್ನಬಲ್ಲದು. ಈಗ ಉಪ್ಪು, ಹುಣಸೆಹಣ್ಣು, ಉಪ್ಪಿನಕಾಯಿಗಳು ಪಿಂಗಾಣಿ ಭರಣಿಗಳಲ್ಲಿ ಕಡಪ ಕಲ್ಲಿನ ಮೇಲೆಯೇ ಕೂತಿವೆ. ನಮ್ಮ ಹಿಂದಿನವರು ಅವನ್ನು ಲೋಹದಿಂದ ದೂರ ಇಡುತ್ತಿದ್ದುದನ್ನು ನೋಡಿಯೂ ನಾನು ಅದರ ಕಾರಣವನ್ನು ಯೋಚಿಸಿರಲಿಲ್ಲ.

ಮೂಲೆಯ ಖಾನೆಗೆ ಹಾಕಿಸಿದ ಅರ್ಧಚಂದ್ರಾಕಾರದ ತಿರುಗು ಟ್ರೇಯನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಎರಡು ಟ್ರೇಗಳಿಗೆ 6,200 ರೂಪಾಯಿ ಕೊಟ್ಟೆವು. ಟ್ರೇ ಬಾಗಿಲಿನಿಂದ ಹೊರಗೆ ತಿರುಗಿ ಬರುವುದು ನೋಡಲು ಚೆಂದವೇ ಹೌದು. ಆದರೆ ಅದು ತಿರುಗಲು ಸುತ್ತಲೂ ಖಾಲಿ ಜಾಗ ಬೇಕು, ಆ ಖಾಲಿ ಜಾಗದಲ್ಲಿ ಏನನ್ನೂ ಇಡುವಂತಿಲ್ಲ. ಟ್ರೇಯ ಅಂಚು ಗಿಡ್ಡವಾಗಿರುವುದರಿಂದ ಸಣ್ಣ ಡಬ್ಬಿಗಳು ಹಿಂದಕ್ಕೆ ಉರುಳಿ ಬೀಳುತ್ತವೆ, ಬಿದ್ದದ್ದನ್ನು ತೆಗೆಯಲು ಟ್ರೇಯನ್ನೇ ಕಳಚಬೇಕು. ಸೆಪ್ಟೆಂಬರಿನಲ್ಲಿ ಒಮ್ಮೆ ಕಳಚಿದಾಗ ಕಳೆದುಹೋಗಿತ್ತೆಂದುಕೊಂಡಿದ್ದ ಏಲಕ್ಕಿ ಡಬ್ಬಿ ಬೂಷ್ಟು ಹಿಡಿದು ಹಿಂದಿನ ಮೂಲೆಯಲ್ಲಿ ಸಿಕ್ಕಿತು. ಜೊತೆಗೆ ಜಿರಲೆಗಳ ಗೂಡೂ ಅಲ್ಲೇ ಇತ್ತು. ಕೈಗೆ ಸಿಗದ ಜಾಗ ಒರೆಸುವ ಬಟ್ಟೆಗೂ ಸಿಗುವುದಿಲ್ಲ.

ಎಂಟು ಇಂಚಿನ ಕಿಂಡಿಯಲ್ಲಿ ಕೂರಿಸಿದ ಬಾಟಲಿ ಚೌಕಟ್ಟು ಚೆನ್ನಾಗಿದೆ. ಎಣ್ಣೆ, ತುಪ್ಪ, ಜೇನು ಎಲ್ಲ ಅಲ್ಲಿಗೆ ಹೋದವು. ಅದರಲ್ಲಿ ಕಾಫಿ ಪುಡಿಯ ಡಬ್ಬವನ್ನು ಇಂಗಿನ ಪಕ್ಕದಲ್ಲಿ ಇಟ್ಟು ನಾಲ್ಕೇ ದಿನಕ್ಕೆ ತೆಗೆದೆ. ಕಾಫಿ ಪುಡಿ ಪಕ್ಕದ ವಾಸನೆಯನ್ನು ಬೇಗ ಹಿಡಿಯುತ್ತದೆ, ಅದಕ್ಕೆ ಬಿಗಿ ಮುಚ್ಚಳ ಮತ್ತು ಮೇಲಿನ ಕಪಾಟಿನಲ್ಲಿ ಪ್ರತ್ಯೇಕ ಸ್ಥಾನ ಬೇಕು.

ಡಬ್ಬಗಳ ಆಕಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೋಡೆ ಕಪಾಟಿನಲ್ಲಿ ಹೆಚ್ಚು ಜಾಗ ಉಳಿದದ್ದು ಇದರಿಂದಲೇ. ದುಂಡನೆಯ ಡಬ್ಬವನ್ನು ಚೌಕ ಜಾಗದಲ್ಲಿ ಇಟ್ಟರೆ ನಾಲ್ಕು ಮೂಲೆಗಳೂ ಸೇರಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಅದೇ ಅಗಲ, ಅದೇ ಎತ್ತರದ ಚೌಕ ಡಬ್ಬದಲ್ಲಿ ಸುಮಾರು ಶೇ. 27ರಷ್ಟು ಹೆಚ್ಚು ಬೇಳೆ ಹಿಡಿಯುತ್ತದೆ. ಗೋಡೆ ಕಪಾಟಿನಲ್ಲಿ ಮೂರು ಸಾಲು ದುಂಡು ಡಬ್ಬಗಳಿದ್ದ ಕಡೆ ಚೌಕ ಡಬ್ಬಗಳನ್ನು ಇಟ್ಟ ಮೇಲೆ ಎರಡೇ ಸಾಲಿನಲ್ಲಿ ಎಲ್ಲ ಬೇಳೆಕಾಳು ಮುಗಿಯಿತು. ಆದರೆ ಅತ್ತೆಯವರ ಸ್ಟೀಲ್ ಡಬ್ಬಗಳನ್ನು ಏನು ಮಾಡುವುದು? ಅವುಗಳ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿದೆ, ಮದುವೆಯ ತಾರೀಕಿದೆ, ಕೊಟ್ಟವರ ಊರಿದೆ. "ಅಮ್ಮಾ, ಇವನ್ನೆಲ್ಲ ಸಜ್ಜಾಕ್ಕೆ ಹಾಕೋಣವೇ?" ಎಂದಾಗ ಅವರು, "ಹಾಕು, ಆದರೆ ಒಂದರೊಳಗೊಂದು ಹಾಕು, ಅವು ಇರೋದೇ ಹಾಗೆ" ಎಂದರು. ಏಳು ಡಬ್ಬಗಳು ಒಂದೇ ಡಬ್ಬದ ಜಾಗದಲ್ಲಿ ಕೂತವು. ಹಬ್ಬಕ್ಕೆ ಚಕ್ಕುಲಿ, ಕೋಡುಬಳೆ ಮಾಡಿದಾಗ ಕೆಳಗಿಳಿಯುತ್ತವೆ.

ಇಕ್ಕಟ್ಟಿನ ಅಡುಗೆಮನೆಗೆ ಧಾನ್ಯದ ಡ್ರಾಯರ್‌ಗಳನ್ನು ಯೋಚಿಸಿ ಜೋಡಿಸುವ ಕೆಲಸ ಇಂದಿನದಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೆಟೆ ಶ್ಯೂಟ್ಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ರೂಪಿಸಿದ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ್ದು. ಅದರಲ್ಲಿ ಅಕ್ಕಿ, ಸಕ್ಕರೆ ಮೊದಲಾದವಕ್ಕೆ ಹೆಸರು ಬರೆದ, ಹಿಡಿಯಿರುವ ಅಲ್ಯೂಮಿನಿಯಂ ಡ್ರಾಯರ್‌ಗಳಿದ್ದವು. ಹೊರಗೆ ಎಳೆದು ನೇರವಾಗಿ ಪಾತ್ರೆಗೆ ಸುರಿಯಬಹುದಾಗಿತ್ತು. ನಾವೂ ಚೌಕ ಡಬ್ಬಗಳಿಗೆ ಚೀಟಿ ಅಂಟಿಸಿದ್ದೇವೆ, ಮುಚ್ಚಳದ ಮೇಲಲ್ಲ, ಮುಂಬದಿಗೆ. ಮುಚ್ಚಳಗಳು ಅದಲು ಬದಲಾಗುತ್ತವೆ.

ಸಿಲಿಂಡರ್ ಇರುವ ಖಾನೆಯನ್ನು ಮಾತ್ರ ಮುಟ್ಟಲಿಲ್ಲ. 14.2 ಕೆ.ಜಿ. ಅನಿಲದ ಸಿಲಿಂಡರಿನ ತಲೆಯ ಮೇಲೆ ಒಂದು ಬ್ಯಾಸ್ಕೆಟ್ ಹಾಕಿ, ಮುಂದೆ ಗಟ್ಟಿ ಬಾಗಿಲು ಮುಚ್ಚಬಹುದೆಂದು ಆಚಾರಿಗಳು ಹೇಳಿದ್ದರು. ಅಡುಗೆ ಅನಿಲ ಗಾಳಿಗಿಂತ ಭಾರ; ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ತಳದವರೆಗೂ ಜಾಲರಿ ಇರುವ ಬಾಗಿಲನ್ನೇ ಮಾಡಿಸಿದೆ. ರೆಗ್ಯುಲೇಟರ್ ತಿರುಗಿಸಲು ಕೈ ಸರಾಗವಾಗಿ ಹೋಗಬೇಕು, ಕೊಳವೆಯ ಮೇಲಿನ ತಾರೀಕು ಕಾಣಬೇಕು. ಅಲ್ಲಿ ಜಾಗ ಉಳಿಸುವ ಯೋಚನೆಯೇ ಸಲ್ಲದು.

ಆಚಾರಿಗಳ ಕೆಲಸಕ್ಕೆ ನಾನು ಪೂರ್ಣ ಮೆಚ್ಚುಗೆ ಸೂಚಿಸುತ್ತೇನೆ. ಮೂರು ದಿನ ಎಂದವರು ಮೂರೇ ದಿನದಲ್ಲಿ ಮುಗಿಸಿದರು. ತೇವಕ್ಕೆ ತಡೆಯುವ ಐಎಸ್ 710 ದರ್ಜೆಯ ಪ್ಲೈವುಡ್ಡನ್ನೇ ತರಿಸಿ, ಕತ್ತರಿಸಿದ ಅಂಚುಗಳಿಗೆಲ್ಲ ಬಣ್ಣ ಬಳಿದು ಮುಚ್ಚಿದರು, ಪ್ಲೈವುಡ್ಡಿನ ಕಾಲು ನೆಲಕ್ಕೆ ತಾಗದಂತೆ ಅರ್ಧ ಇಂಚು ಎತ್ತರಿಸಿ ನಿಲ್ಲಿಸಿದರು. ಮಳೆಗಾಲದಲ್ಲಿ ಒಂದೂ ಉಬ್ಬಲಿಲ್ಲ. ಸ್ಟ್ಯಾಂಡುಗಳು 2,520, ಬ್ಯಾಸ್ಕೆಟ್‌ಗಳು ಚಾನೆಲ್ ಸೇರಿ 11,400, ಬಾಟಲಿ ಚೌಕಟ್ಟು 3,800, ಮೂಲೆ ಟ್ರೇ, ಪ್ಲೈವುಡ್, ಕೂಲಿ ಎಲ್ಲ ಸೇರಿ ಖರ್ಚು 32,000 ರೂಪಾಯಿಗಳನ್ನು ಸ್ವಲ್ಪ ದಾಟಿತು. ಇದರಲ್ಲಿ ಸ್ಟ್ಯಾಂಡುಗಳಿಗೆ ಹೋದದ್ದು ಹನ್ನೆರಡನೆಯ ಒಂದು ಪಾಲಿಗೂ ಕಡಿಮೆ, ಆದರೆ ಉಳಿದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳದೇ.

ಮೂಲೆಯ ಟ್ರೇಯನ್ನು ಈ ಮಳೆಗಾಲ ಹಿಡಿಯುವ ಮೊದಲು ತೆಗೆಸುತ್ತಿದ್ದೇವೆ. ಆ ಜಾಗಕ್ಕೆ ಕಡಪ ಕಲ್ಲನ್ನೇ ಮತ್ತೆ ಕೂರಿಸಿ, ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬೇಕಾಗುವ ಶ್ಯಾವಿಗೆ ಒರಳನ್ನು ಒಳಮೂಲೆಗೆ ತಳ್ಳಿ, ಮುಂದೆ ಇನ್ನೆರಡು ಸ್ಟ್ಯಾಂಡುಗಳನ್ನು ಇಡುವುದೆಂದು ನಿಶ್ಚಯಿಸಿದ್ದೇವೆ; ಆಚಾರಿಗಳು ಮುಂದಿನ ಭಾನುವಾರ ಅಳತೆಗೆ ಬರುತ್ತಾರೆ.