ಮನೆಯಿಂದಲೇ ಕೆಲಸ ಮಾಡೋರಿಗೆ ಬೆಂಗಳೂರಿನ ಯಾವ ಬಡಾವಣೆ? ನನ್ನ ಓಟು ವಿಜಯನಗರಕ್ಕೆ

ಮೊದಲೇ ಹೇಳಿಬಿಡುತ್ತೇನೆ: ವಿಜಯನಗರ, ಅದರಲ್ಲೂ ಹಂಪಿನಗರ ಮತ್ತು ಆರ್‌ಪಿಸಿ ಲೇಔಟ್ ಕಡೆ. ಎಚ್‌ಎಸ್‌ಆರ್ ಲೇಔಟ್, ಜಯನಗರ, ವೈಟ್‌ಫೀಲ್ಡ್ ಮೂರರಲ್ಲೂ ಬಾಡಿಗೆಗಿದ್ದು ಕೆಲಸ ಮಾಡಿ ನೋಡಿದ ಮೇಲೂ ಇದೇ ಮಾತು. ಆಫೀಸಿಗೆ ಹೋಗುವವರಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ರಾತ್ರಿ ಎಂಟರ ಮೇಲೆ ಬೀದಿ ಚೆನ್ನಾಗಿದ್ದರೆ ಸಾಕು. ನಮಗೆ ಮುಖ್ಯ ನಡುವಿನ ಹೊತ್ತು. ಆ ಹೊತ್ತಲ್ಲಿ ಕರೆಂಟು, ನೆಟ್ಟು, ನೀರು, ಸದ್ದು ಹೇಗಿರುತ್ತವೆ ಅನ್ನೋದನ್ನು ಬ್ರೋಕರ್ ತೋರಿಸೋದಿಲ್ಲ. ಅವನು ಮನೆ ತೋರಿಸೋದು ಭಾನುವಾರ.

ಇಂಟರ್ನೆಟ್ಟಿಂದ ಶುರು ಮಾಡೋಣ, ಯಾಕಂದ್ರೆ ಅತಿ ಹೆಚ್ಚು ಕಾಟ ಕೊಟ್ಟಿದ್ದು ಅದೇ. ಸ್ಪೀಡಿನ ಮಾತಲ್ಲ, 100 ಎಂಬಿಪಿಎಸ್ ಈಗ ನಾಲ್ಕೂ ಕಡೆ ಸಿಗುತ್ತೆ. ತೊಂದರೆ ಇರೋದು ಕರೆಂಟು ಹೋದಾಗ. ಎಚ್‌ಎಸ್‌ಆರ್‌ನಲ್ಲಿ ನನ್ನ ಮನೆಯೊಳಗೆ ಯುಪಿಎಸ್ ಇತ್ತು, ರೂಟರಿನ ದೀಪ ಉರಿಯುತ್ತಲೇ ಇತ್ತು, ಆದರೂ ಕರೆಂಟು ಹೋದ ಕ್ಷಣಕ್ಕೆ ಮೀಟಿಂಗ್ ಕಟ್. ಕಾರಣ ಇಷ್ಟೇ: ಮನೆಗೆ ಬಂದಿದ್ದು ಫೈಬರ್ (ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆ) ಅಲ್ಲ, ಲ್ಯಾನ್ ವೈರು (ತಾಮ್ರದ ತಂತಿ). ಆಪರೇಟರ್ ಫೈಬರನ್ನು ಪಕ್ಕದ ಕಟ್ಟಡದ ತಾರಸಿವರೆಗೆ ತಂದು, ಅಲ್ಲೊಂದು ಡಬ್ಬದಲ್ಲಿ ಸ್ವಿಚ್ (ನೆಟ್ಟನ್ನು ಹಲವು ವೈರುಗಳಿಗೆ ಹಂಚುವ ಸಾಧನ) ಕೂರಿಸಿ, ಅಲ್ಲಿಂದ ಸುತ್ತಲ ಮನೆಗಳಿಗೆ ಲ್ಯಾನ್ ವೈರ್ ಎಳೆದಿರುತ್ತಾನೆ. ಆ ಸ್ವಿಚ್ಚಿಗೆ ಬೇಕಾದ ಕರೆಂಟು ಆ ಕಟ್ಟಡದ್ದು. ಡಬ್ಬದೊಳಗೆ ಬ್ಯಾಟರಿ ಇಲ್ಲ, ಇದ್ದರೂ ಸತ್ತಿರುತ್ತೆ. ನಿಮ್ಮ ಮನೆಯಲ್ಲಿ ಎಷ್ಟು ದೊಡ್ಡ ಇನ್ವರ್ಟರ್ ಇಟ್ಟರೂ ಅದಕ್ಕೆ ಮದ್ದಿಲ್ಲ.

ಫೈಬರ್ ನೇರ ಮನೆಗೆ ಬಂದಿದ್ದರೆ ಕಥೆ ಬೇರೆ. ದಾರಿಯಲ್ಲಿರುವ ಸ್ಪ್ಲಿಟರಿಗೆ, ಅಂದ್ರೆ ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ತುಣುಕಿಗೆ, ಕರೆಂಟೇ ಬೇಡ. ಆಪರೇಟರ್ ಕೇಂದ್ರದಲ್ಲಿ ಬ್ಯಾಟರಿ, ನಿಮ್ಮ ಮನೆಯಲ್ಲೊಂದು ಪುಟ್ಟ ಯುಪಿಎಸ್ ಇದ್ದರೆ ಬೀದಿಯೆಲ್ಲ ಕತ್ತಲಾದರೂ ಕೆಲಸ ನಡೆಯುತ್ತೆ. ಗುರುತಿಸೋದು ಸುಲಭ: ಗೋಡೆಯಿಂದ ಬಂದ ತೆಳು ವೈರಿನ ತುದಿಯಲ್ಲಿ ಚೌಕಾಕಾರದ ಹಸಿರು (ಕೆಲವೊಮ್ಮೆ ನೀಲಿ) ಕನೆಕ್ಟರ್ ಇದ್ದು, ಅದು ಸೇರುವ ಪೆಟ್ಟಿಗೆಯ ಮೇಲೆ ಪಿಒಎನ್, ಎಲ್‌ಒಎಸ್ ಅಂತ ದೀಪಗಳಿದ್ದರೆ ಫೈಬರ್. ಎಲ್‌ಒಎಸ್ ಕೆಂಪಗೆ ಮಿಣುಕಿದರೆ ಕೇಬಲ್ ತುಂಡಾಗಿದೆ ಇಲ್ಲವೇ ಮಡಚಿಕೊಂಡಿದೆ. ಪಿಒಎನ್ ಹಸಿರಾಗಿಯೇ ಇದ್ದು ನೆಟ್ ಇಲ್ಲ ಅಂದ್ರೆ ತೊಂದರೆ ಸಾಮಾನ್ಯವಾಗಿ ಆಪರೇಟರ್ ಕಡೆಯದು. ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಮಟ್ಟ ನೋಡಬಹುದು. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 27ಕ್ಕಿಂತ ಕೆಳಗಿಳಿದರೆ ನೆಟ್ ಆಗಾಗ ಬಿದ್ದು ಏಳುತ್ತಿರುತ್ತೆ, ಜಾಯಿಂಟ್ ಸರಿ ಮಾಡಿಸಲೇಬೇಕು.

ಪುಟ್ಟ ಯುಪಿಎಸ್ ಕೊಳ್ಳುವಾಗಲೂ ಒಂದು ಸೂಕ್ಷ್ಮ ಇದೆ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದ ಮಾತ್ರಕ್ಕೆ ಆಗಲಿಲ್ಲ, ಆಂಪಿಯರ್ ನೋಡಿ. 2 ಆಂಪಿಯರ್ ಬೇಡುವ ರೂಟರಿಗೆ 1 ಆಂಪಿಯರಿನದು ಕೊಟ್ಟರೆ ಹೊರೆ ಬಿದ್ದಾಗೆಲ್ಲ ರೀಸ್ಟಾರ್ಟ್ ಆಗುತ್ತೆ. ಪಿನ್ ಕೂಡ ಎರಡು ಥರ: ಹೊರಸುತ್ತು 5.5 ಮಿಮೀ ಒಂದೇ, ಒಳಗಿನ ತೂತು 2.1 ಅಥವಾ 2.5 ಮಿಮೀ. ಅದು ಹೊಂದದೆ ಸಡಿಲ ಕೂತರೆ ಮೇಜು ಅಲುಗಿದರೂ ನೆಟ್ ಹೋಗುತ್ತೆ, ನಾವು ಕಂಪನಿಗೆ ಬೈಯುತ್ತಾ ಕೂರುತ್ತೇವೆ.

ವಿಜಯನಗರ ನನಗೆ ಹಿಡಿಸಲು ಅರ್ಧ ಕಾರಣ ಇದೇ. ನಾನಿದ್ದ ಕ್ರಾಸ್‌ಗಳಲ್ಲಿ ಸಣ್ಣ ಸಣ್ಣ ಸ್ವಂತ ಮನೆಗಳು, ಫೈಬರ್ ಸೀದಾ ಬಾಗಿಲಿಗೆ ಬರುತ್ತೆ, ಕೇಬಲ್ ಹುಡುಗ ಅದೇ ಏರಿಯಾದವನು, ಫೋನ್ ಮಾಡಿದರೆ ಏಣಿ ಹಿಡಿದು ಬರುತ್ತಾನೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಆ ಸ್ವಾತಂತ್ರ್ಯ ಇರಲಿಲ್ಲ, ಅಸೋಸಿಯೇಷನ್ ಒಪ್ಪಿದ ಕಂಪನಿಯಷ್ಟೇ ಒಳಗೆ ಬರಬಹುದು. ಎಲ್ಲೇ ಆದರೂ ಒಂದೇ ಕಂಬದ ಮೇಲೆ ಬರುವ ಎರಡು ಕನೆಕ್ಷನ್ ತಗೊಂಡು ಪ್ರಯೋಜನವಿಲ್ಲ, ಕೊಂಬೆ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೆಯದು ಮೊಬೈಲ್ ಸಿಮ್ಮೇ ಇರಲಿ. ಕೋಣೆಯ ಬಾಗಿಲು ಹಾಕಿಕೊಂಡು ಸಿಗ್ನಲ್ ನೋಡಿ. ವಿಜಯನಗರದ ಇಕ್ಕಟ್ಟು ಕ್ರಾಸ್‌ಗಳ ನೆಲಮಹಡಿಯಲ್ಲಿ ಅದು ತೀರಾ ಕಮ್ಮಿ. ಮೊದಲ ಮಹಡಿಯೇ ಬೇಕು.

ಕೊಂಬೆ ಅಂದ ಮೇಲೆ ಜಯನಗರ. ನಾಲ್ಕರಲ್ಲಿ ಕಣ್ಣಿಗೆ ತಂಪು ಅದೇ, ನಡೆದಾಡಲು ಅದರಷ್ಟು ಚೆಂದದ ಫುಟ್‌ಪಾತ್ ಬೇರೆಲ್ಲೂ ಇಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಆ ಮರಗಳೇ ವೈರಿನ ಮೇಲೆ ಬೀಳೋದು. ಹಳೇ ಮನೆಗಳ ವೈರಿಂಗ್ ಇನ್ನೊಂದು ತಲೆನೋವು: ಮೂರು ಪಿನ್ನಿನ ಸಾಕೆಟ್ ಇರುತ್ತೆ, ಅರ್ಥಿಂಗ್ ಇರೋದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತೆ. ಅಡ್ವಾನ್ಸ್ ಕೊಡುವ ಮುಂಚೆ ಎಲೆಕ್ಟ್ರಿಷಿಯನ್ ಕೈಲಿ ಫೇಸ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಅಳೆಸಿ, 230ರ ಹತ್ತಿರ ಬರಬೇಕು. ಬಾಡಿಗೆಯೂ ವಿಜಯನಗರಕ್ಕಿಂತ ಎಷ್ಟೋ ಮೇಲು.

ವೈಟ್‌ಫೀಲ್ಡಿನಲ್ಲಿ ಜನರೇಟರ್ ಇದೆ, ಅದೇ ಅದರ ದೊಡ್ಡ ಗುಣ. ಆದರೆ ಬ್ಯಾಕಪ್ ಲೋಡ್ ಎಷ್ಟು ಕೇಳಿ. ಫ್ಯಾನು, ಲೈಟು, ಒಂದೆರಡು ಪ್ಲಗ್ ಪಾಯಿಂಟಿಗೆ ಮಾತ್ರ ಕೊಟ್ಟು, ಮಿಕ್ಸಿ ಹಾಕಿದರೆ ಟ್ರಿಪ್ ಆಗುವ ಫ್ಲ್ಯಾಟುಗಳು ಬಹಳ. ನೀರು ಅಲ್ಲಿ ಹಿಂದಿನಿಂದಲೂ ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡದ್ದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಸರ್ಕಾರವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು. ಆ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಚಾಲೂ ಆಯಿತು, ಆದರೂ ನೀವು ನೋಡುವ ಕಟ್ಟಡಕ್ಕೆ ಕನೆಕ್ಷನ್ ಆಗಿದೆಯಾ ಅಂತ ಬೇರೆಯಾಗಿಯೇ ಕೇಳಬೇಕು. ವಿಜಯನಗರದಲ್ಲಿ ಕಾವೇರಿ ನೀರು ಹಳೆಯದು. ಅದು ದಿನವೂ ಬರೋದಿಲ್ಲ, ಹಾಗಾಗಿ ಸಂಪ್ ಎಷ್ಟು ದೊಡ್ಡದು, ಎಷ್ಟು ಮನೆಗೆ ಅನ್ನೋದನ್ನು ಕೇಳಿಕೊಳ್ಳಿ.

ಕರೆಂಟು ಬಿಲ್ಲಿನ ವಿಷಯ: ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇರಬೇಕು. ಓನರ್ ಸಬ್ ಮೀಟರ್ ಹಾಕಿದ್ದರೆ ಗೃಹಜ್ಯೋತಿಯ ಉಚಿತ ಕರೆಂಟು ನಿಮ್ಮ ಪಾಲಿಗಿಲ್ಲ. ಪ್ರತ್ಯೇಕ ಮೀಟರ್ ಇದ್ದರೂ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕಂಪ್ಯೂಟರ್, ಮಾನಿಟರ್ ಸೇರಿ 150 ವ್ಯಾಟ್ ಅಂದುಕೊಂಡರೆ, ದಿನಕ್ಕೆ 9 ಗಂಟೆ, 25 ದಿನಕ್ಕೆ ಸುಮಾರು 34 ಯೂನಿಟ್. ಅದು ಭಾರವಲ್ಲ, ಎಸಿ ಹಾಕಿದರೆ ಮಾತ್ರ ಲೆಕ್ಕ ತಪ್ಪುತ್ತೆ.

ಸದ್ದಿನಲ್ಲಿ ಎಚ್‌ಎಸ್‌ಆರ್ ಸೋತಿದ್ದು ಕಟ್ಟಡ ಕೆಲಸದಿಂದ. ಪಕ್ಕದ ಸೈಟಿನಲ್ಲಿ ಪಿಜಿ ಏಳುತ್ತಿದ್ದರೆ ಟೈಲ್ಸ್ ಕತ್ತರಿಸುವ ಸದ್ದು ತಿಂಗಳುಗಟ್ಟಲೆ. ವಿಜಯನಗರವೂ ಮೌನದ ಊರಲ್ಲ: ಸ್ಪೀಕರ್ ಹಾಕಿಕೊಂಡು ಬರುವ ತರಕಾರಿ ಗಾಡಿ, ಗಣೇಶ ಹಬ್ಬ, ಕಲ್ಯಾಣ ಮಂಟಪ. ಮಂಟಪದಿಂದ ಎರಡು ಕ್ರಾಸ್ ದೂರ ಹಿಡಿದರೆ ನಿಭಾಯಿಸಬಹುದು.

ಕೆಫೆಯಲ್ಲಿ ಕೂತು ಕೆಲಸ ಮಾಡುವವರಿಗೆ ಎಚ್‌ಎಸ್‌ಆರ್‌ಗೆ ಸಾಟಿಯಿಲ್ಲ, ಒಪ್ಪುತ್ತೇನೆ. ನನಗೆ ಹನ್ನೊಂದಕ್ಕೆ ದರ್ಶಿನಿಯಲ್ಲಿ ನಿಂತು ಕುಡಿಯುವ ಕಾಫಿ ಸಾಕು. ಹಂಪಿನಗರದ ಗ್ರಂಥಾಲಯ ಚೆನ್ನಾಗಿದೆ, ಆದರೆ ಪರೀಕ್ಷೆಗೆ ಓದುವ ಮಕ್ಕಳು ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ, ಅಲ್ಲಿ ಕೂತು ಫೋನಿನಲ್ಲಿ ಮಾತಾಡುವ ಹಾಗೂ ಇಲ್ಲ.

ತಿಂಗಳಿಗೊಮ್ಮೆ ಆಫೀಸಿಗೆ ಮುಖ ತೋರಿಸಬೇಕಾದಾಗ ಮೆಟ್ರೋದ ನೇರಳೆ ಮಾರ್ಗ ಇದೆ. ವಿಜಯನಗರದಿಂದ ನಾಲ್ಕನೇ ಸ್ಟೇಷನ್ನೇ ಮೆಜೆಸ್ಟಿಕ್, ಕೂತಲ್ಲಿಂದ ಏಳದೆ ವೈಟ್‌ಫೀಲ್ಡಿಗೂ ಹೋಗಬಹುದು. ಎಚ್‌ಎಸ್‌ಆರ್‌ನವರಿಗೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂತು, ಆದರೆ ಒಳಗಿನ ಸೆಕ್ಟರುಗಳಿಂದ ಸಿಲ್ಕ್ ಬೋರ್ಡ್ ಸ್ಟೇಷನ್ ತಲುಪೋಕೇ ಆಟೋ ಬೇಕು.

ನನ್ನ ಮಿತಿ ಬಾಡಿಗೆಗೆ 25 ಸಾವಿರ, ಕಾರಿಲ್ಲ, ಅಡುಗೆ ಮನೆಯಲ್ಲೇ. ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡಿ, ಇಬ್ಬರಿಗೂ ಬೇರೆ ಬೇರೆ ಕೋಣೆ ಬೇಕು, ಇದರ ಎರಡರಷ್ಟು ಕೊಡುತ್ತೇವೆ ಅಂದ್ರೆ ವೈಟ್‌ಫೀಲ್ಡ್ ನೋಡಿ. ಕಾರಿದ್ದರೆ ವಿಜಯನಗರದ ಆಸೆ ಬಿಡಿ, ಪಾರ್ಕಿಂಗ್ ಸಿಗೋದಿಲ್ಲ.

ಮನೆ ನೋಡಲು ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಕಿಟಕಿ ತೆಗೆದು ಕಾಲು ಗಂಟೆ ಸುಮ್ಮನೆ ಕೂತು ಕೇಳಿ. ಕೆಳಗಿಳಿದು ಪಕ್ಕದ ಮನೆಯವರನ್ನು ಯಾವ ಕಂಪನಿಯ ನೆಟ್, ಕರೆಂಟು ಹೋದಾಗ ನಿಲ್ಲುತ್ತಾ ಅಂತ ವಿಚಾರಿಸಿ. ಆ ಆಪರೇಟರ್ ಇದೇ ಡೋರ್ ನಂಬರಿಗೆ ಫೈಬರನ್ನೇ ಎಳೆದುಕೊಡ್ತೀನಿ ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿದ ಮೇಲೆಯೇ ಟೋಕನ್ ಅಡ್ವಾನ್ಸ್ ಕೊಡಿ.